ಕಳಿಸಿದವರ ವಿಳಾಸ

ದೇವದುರ್ಗ ತಾಲ್ಲೂಕಿನಲ್ಲಿ ನಾನು ಮೂವತ್ತನಾಲ್ಕು ವರ್ಷ ಅಂಚೆ ಹಂಚಿದವನು. ಗಬ್ಬೂರು, ಜಾಲಹಳ್ಳಿ ಕಡೆಯ ತಾಂಡಾ, ದೊಡ್ಡಿಗಳ ದಾರಿ ನನಗಿಂತ ನನ್ನ ಸೈಕಲ್ಲಿಗೇ ಚೆನ್ನಾಗಿ ಗೊತ್ತಿತ್ತು. ಬೆಂಗಳೂರಿಗೆ ದುಡಿಯಲು ಹೋದವರ ಮನಿಆರ್ಡರು ಬಂದರೆ ಕಳಿಸಿದವರ ವಿಳಾಸ ನೋಡುವುದು ನನ್ನ ಚಾಳಿ. ಒಂದು ಮುದುಕಿಗೆ ಮಗಳಿಂದ ಬರುತ್ತಿದ್ದ ಫಾರಮಿನಲ್ಲಿ ‘ಕಸದ ಗುಡ್ಡದ ಬಾಜೂಕ, ಗುಜರಿ ಅಂಗಡಿ’ ಎಂದಿರುತ್ತಿತ್ತು. ‘ಎಲ್ಲಿ ಅದಾಳಪ್ಪಾ ನನ್ನ ಮಗಳು?’ ಎಂದು ಅವಳು ಪ್ರತಿ ಸಲ ಕೇಳುವಳು. ‘ಬೆಂಗಳೂರಾಗ’ ಎನ್ನುತ್ತಿದ್ದೆ. ಉಳಿದದ್ದನ್ನು ಒಮ್ಮೆಯೂ ಓದಿ ಹೇಳಲಿಲ್ಲ.

ನಮ್ಮೂರುಗಳಲ್ಲಿ ತಿಪ್ಪಿ ಎಂದರೆ ಆಸ್ತಿ. ಅಣ್ಣತಮ್ಮಂದಿರು ಬೇರೆಯಾದರೆ ತಿಪ್ಪಿಯಲ್ಲೂ ಪಾಲು ಕೇಳುತ್ತಾರೆ. ಹೊಲಕ್ಕೆ ಹೋಗುವ ಗೊಬ್ಬರ ಅದು. ಊರು ದೊಡ್ಡದಾದಂತೆ ಪ್ಲಾಸ್ಟಿಕ್ಕು, ಗಾಜು, ಕೊಳೆತ ಅನ್ನ ಎಲ್ಲ ಒಂದೇ ಲಾರಿ ಹತ್ತಿತು. ಆ ರಾಶಿ ಹೊಲಕ್ಕೂ ಬೇಡ, ಊರಿಗೂ ಬೇಡ. ಅದರಲ್ಲಿ ಬೆಲೆ ಇರುವುದನ್ನು ಕೈಯಿಂದ ಹುಡುಕಿ ತೆಗೆಯುವವರು ಮಾತ್ರ ಅದರ ಪಕ್ಕದಲ್ಲೇ ಗುಡಿಸಲು ಹಾಕಿಕೊಂಡರು. ಹಾಗೆ ಹೋದವರಲ್ಲಿ ನಮ್ಮ ಕಡೆಯವರೂ ಇದ್ದರು. ರಾಜ್ಯದ ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಸಂಜೆಯಾದರೆ ಗಂಟುಮೂಟೆ, ಕೂಸುಗಳ ಸಮೇತ ಬೆಂಗಳೂರು ಬಸ್ಸು ತುಂಬುವುದನ್ನು ಕಂಡವರಿಗೆ ಆ ವರದಿ ಓದುವ ಅಗತ್ಯವೇನೂ ಇಲ್ಲ.

ನಿವೃತ್ತಿಯ ನಂತರ ಮಗನ ಮನೆಗೆಂದು ಬೆಂಗಳೂರಿಗೆ ಹೋಗಿದ್ದೆ. ಅವನ ವಾರ್ಡಿನ ಒಣಕಸ ಕೇಂದ್ರದಲ್ಲಿ ಹಾಲಿನ ಕವರು ಒಂದು ಕಡೆ, ರಟ್ಟು ಇನ್ನೊಂದು ಕಡೆ, ನೀರಿನ ಬಾಟ್ಲಿ ಮತ್ತೊಂದು ಕಡೆ ವಿಂಗಡಿಸುತ್ತಿದ್ದ ಹೆಂಗಸಿನ ಮಾತು ಕಿವಿಗೆ ಬಿತ್ತು. ‘ನಮ್ಮ ಕಡೇರೇನವಾ?’ ಎಂದೆ. ‘ಹೌದ್ರೀ ಯಪ್ಪಾ, ಗಬ್ಬೂರು ಕಡೇರು.’ ಚಿಪ್ಸ್ ಪೊಟ್ಟಣದ ಗುಡ್ಡೆ ತೋರಿಸಿ, ‘ಇದನ್ನ ಯಾರೂ ತಗಳಲ್ಲ ನೋಡ್ರೀ’ ಎಂದಳು. ಮೇಲೆ ಪ್ಲಾಸ್ಟಿಕ್ಕು, ಒಳಗೆ ತಗಡಿನಂತೆ ಮಿಂಚುವ ಲೇಪ. ಎರಡೂ ಬಿಡಿಸಲಾಗದಂತೆ ಅಂಟಿಕೊಂಡಿರುತ್ತವಂತೆ. ಆಮೇಲೆ ಕೊರಳಲ್ಲಿದ್ದ ಕಾರ್ಡು ತೋರಿಸಿದಳು. ‘ಮೊದಲ ಚೀಲ ಹೊತ್ಕೊಂಡು ಹೊಂಟ್ರ ಕಳ್ಳಿ ಅಂತಿದ್ರು. ಈಗ ಇದನ್ನ ತೋರಸ್ತೀನಿ.’

ಆ ಕಾರ್ಡಿಗೆ ಒಂದು ಕಥೆಯಿದೆ. ಪುಣೆಯಲ್ಲಿ ಚಿಂದಿ ಆಯುವವರು 1993ರಲ್ಲಿ ತಮ್ಮದೇ ಸಂಘ ಕಟ್ಟಿದರು. ಅಲ್ಲಿ ದುಡಿದು ಬಂದ ನಳಿನಿ ಶೇಖರ್ ಮತ್ತು ಗೆಳೆಯರು ಬೆಂಗಳೂರಿನಲ್ಲಿ ‘ಹಸಿರು ದಳ’ ಆರಂಭಿಸಿದರು. 2011ರಲ್ಲಿ ಲೋಕ ಅದಾಲತ್ ನಿರ್ದೇಶನದ ಮೇಲೆ ಮಹಾನಗರ ಪಾಲಿಕೆ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಡಲು ಒಪ್ಪಿತು. ಅದಕ್ಕೂ ಬಹಳ ಮೊದಲು, 1980ರಿಂದಲೇ, ಸಲೇಷಿಯನ್ ಪಾದ್ರಿಗಳ ‘ಬೆಂಗಳೂರು ಓಣಿಯವರ ಸೇವಾ ಕೂಟ’ ಬೀದಿಯಲ್ಲಿ ಚಿಂದಿ ಆಯುವ ಮಕ್ಕಳ ಬೆನ್ನಿಗೆ ನಿಂತಿತ್ತು. ಅತ್ತ, ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರಿನವರು 2014ರಲ್ಲಿ ಜಗಳ ತೆಗೆದು ತಮ್ಮೂರಿಗೆ ಕಸದ ಲಾರಿ ಬರುವುದನ್ನು ನಿಲ್ಲಿಸಿದರು. ಮೂಗು ಮುಚ್ಚಿಕೊಂಡು ಬಾಳಿದವರ ಸಿಟ್ಟು ನ್ಯಾಯವಾದದ್ದೇ. ಆದರೆ ಗುಡ್ಡ ಮುಚ್ಚಿದರೆ ಅದನ್ನೇ ನಂಬಿದವರು ಎಲ್ಲಿಗೆ ಹೋಗಬೇಕು? ಮನೆಯಲ್ಲೇ ಕಸ ಬೇರೆ ಮಾಡಿ, ಒಣಕಸ ಇಂಥ ಕೇಂದ್ರಗಳಿಗೆ ಬಂದದ್ದರಿಂದ ಕೆಲವರಾದರೂ ರಾಡಿಯಿಂದ ನೆರಳಿಗೆ ಬಂದರು.

ಹಬ್ಬಕ್ಕೊಮ್ಮೆ ಇಂಥವರ ಗುಡಿಸಲಿಗೆ ಹೋಗಿ ಕಂಬಳಿ, ಬಾಳೆಹಣ್ಣು ಹಂಚಿ ಫೋಟೊ ತೆಗೆಸಿಕೊಳ್ಳುವವರನ್ನೂ ನೋಡಿದ್ದೇನೆ. ಕಂಬಳಿ ಬೇಡವೆನ್ನಲಾರೆ, ಚಳಿ ಚಳಿಯೇ. ಆದರೆ ನನಗೆ ನೆನಪಾಗುವುದು ಸಿಸ್ಟರ್ ಎಮ್ಯಾನ್ಯುಯೆಲ್. ಜೀವನವೆಲ್ಲ ಪಾಠ ಹೇಳಿದ ಈ ಸನ್ಯಾಸಿನಿ 1971ರಲ್ಲಿ, ತಮ್ಮ 62ನೇ ವಯಸ್ಸಿನಲ್ಲಿ, ಈಜಿಪ್ಟಿನ ಕೈರೋದಲ್ಲಿ ಕಸ ಆಯುವವರ ನಡುವೆ ಗುಡಿಸಲು ಹಿಡಿದರು. ಅಲ್ಲಿಂದ ಹೊರಟದ್ದು 1993ರಲ್ಲಿ. ಶಾಲೆ, ದವಾಖಾನೆ, ಕೊನೆಗೊಂದು ಗೊಬ್ಬರದ ಕಾರ್ಖಾನೆಯೂ ಆಯಿತು. ಅಂದರೆ ತಿಪ್ಪಿಯನ್ನು ಮತ್ತೆ ತಿಪ್ಪಿ ಮಾಡಿದರು! ಆ ವಯಸ್ಸಿನಲ್ಲಿ ನಾನು ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದೆ.

ಚಿಂದಿ ಆಯುವವರನ್ನು ಗುರುತಿಸಿ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ದೊಡ್ಡ ನಗರಗಳಿಗಷ್ಟೇ ಅಲ್ಲ, ನಮ್ಮಂಥ ಊರಿಗೂ. ಇವರ ಮಕ್ಕಳಿಗೆ ಕೇಂದ್ರದ ವಿದ್ಯಾರ್ಥಿವೇತನವೂ ಉಂಟು. ಆದರೆ ಕಾಗದವಿಲ್ಲದವರಿಗೆ ಇದ್ಯಾವುದೂ ತಾನಾಗಿ ಬಂದು ತಲುಪುವುದಿಲ್ಲ. ಫಾರಂ ತುಂಬುವುದೊಂದು ನನಗೆ ಬರುತ್ತದೆ. ಊರಿಗೆ ಮರಳಿದವನು ಪೆನ್ನು ಹಿಡಿದು, ಬೆಳಿಗ್ಗೆ ಬಸ್ ನಿಲ್ದಾಣದ ಕಡೆ ಬಾಟ್ಲಿ ಆಯುವವರ ಹತ್ತಿರ ಹೋಗತೊಡಗಿದೆ.

ಮೊದಲು ಸಿಕ್ಕವಳು ಹೆಸರು ಹೇಳಿದಳು, ಊರು ಹೇಳಿದಳು. ‘ಉದ್ಯೋಗ ಏನಂತ ಬರೀಲಿ?’ ಎಂದೆ.

‘ಏನೂ ಇಲ್ಲ ಅಂತ ಬರೀರಿ’ ಎಂದಳು. ತನ್ನಷ್ಟೇ ಎತ್ತರದ ಚೀಲ ಇನ್ನೂ ಬೆನ್ನ ಮೇಲೇ ಇತ್ತು.