ನೆಲ ಮುಟ್ಟುವ ವಿದ್ಯೆ

ಚಕ್ರವ್ಯೂಹವನ್ನು ಭೇದಿಸಿ ಒಳಹೊಗುವ ವಿದ್ಯೆ ಅಭಿಮನ್ಯುವಿಗೆ ತಿಳಿದಿತ್ತು. ಹೊರಬರುವ ವಿದ್ಯೆ ತಿಳಿದಿರಲಿಲ್ಲ. ಆ ವೀರ ಬಾಲಕನ ಕತೆಯನ್ನು ಕೇಳಿ ಮನಸ್ಸು ಕಲಕದವರು ವಿರಳ. ಆಕಾಶಯಾನದ ವಿಷಯದಲ್ಲಿಯೂ ಈ ಕತೆ ನೆನಪಿಗೆ ಬರುತ್ತದೆ. ನೆಲವನ್ನು ಬಿಟ್ಟು ಮೇಲೇರುವುದು ವಿಮಾನ ಚಾಲಕನ ವಿದ್ಯೆಯಲ್ಲಿ ಅರ್ಧ ಭಾಗ ಮಾತ್ರ. ನೂರಾರು ಜನರನ್ನು ಹೊತ್ತ ಆ ಭಾರವಾದ ಯಂತ್ರವನ್ನು ಮರಳಿ ನೆಲಕ್ಕೆ ಸುರಕ್ಷಿತವಾಗಿ ತರುವುದು ಉಳಿದರ್ಧ. ಅದೇ ಹೆಚ್ಚು ಕಠಿಣವಾದುದು.

ಜಗತ್ತಿನ ಕೆಲವು ನಿಲ್ದಾಣಗಳಲ್ಲಿ ವಿಮಾನವು ಇಳಿಯುವ ನೋಟ ಮೈ ನವಿರೇಳಿಸುವಂತಹದು. ಒಂದೆಡೆ ಅದು ಮನೆಗಳ ಮಾಳಿಗೆಗಳನ್ನು ಸವರಿಕೊಂಡು ಬರುವಂತೆ ತೋರುತ್ತದೆ. ಮತ್ತೊಂದೆಡೆ ಪ್ರಪಾತದ ಅಂಚಿನಲ್ಲಿ ಹಿಮಾಲಯದ ಬೆಟ್ಟಕ್ಕೆ ಎದುರಾಗಿ ಬಂದು ಇಳಿಯುತ್ತದೆ. ಇನ್ನೊಂದೆಡೆ ಸಮುದ್ರವು ಹಿಂದೆ ಸರಿದ ಒದ್ದೆ ಮರಳಿನ ಮೇಲೆ ಬಂದು ನಿಲ್ಲುತ್ತದೆ. ನೋಡುವವರಿಗೆ ಇದೆಲ್ಲ ರೋಮಾಂಚಕಾರಿಯಾದ ದೃಶ್ಯ. ವಿಮಾನವನ್ನು ಇಳಿಸುವವರಿಗೆ ಅದು ಏನು? ಇದನ್ನು ಅರಿಯಬೇಕಾದರೆ ವಿಮಾನವು ಇಳಿಯುವ ಕ್ರಮವನ್ನು ನಾವು ಮೊದಲು ತಿಳಿಯಬೇಕು.

ವಿಮಾನವು ಏರುವ ಮತ್ತು ಇಳಿಯುವ ನೇರವಾದ ಗಟ್ಟಿ ಹಾದಿಗೆ ರನ್‌ವೇ ಎಂದು ಹೆಸರು. ದೊಡ್ಡ ಜೆಟ್ ವಿಮಾನವು ಗಂಟೆಗೆ ಸುಮಾರು 250 ಕಿಲೋಮೀಟರು ವೇಗದಲ್ಲಿ ರನ್‌ವೇಯನ್ನು ಮುಟ್ಟುತ್ತದೆ. ವೇಗವು ಬಹಳ ಕಡಿಮೆಯಾದರೆ ರೆಕ್ಕೆಗಳು ಅದರ ಭಾರವನ್ನು ಹೊರಲಾರವು. ಬಹಳ ಹೆಚ್ಚಾದರೆ ಹಾದಿ ಮುಗಿಯುವುದರೊಳಗೆ ಅದು ನಿಲ್ಲಲಾರದು. ಸಾಮಾನ್ಯವಾಗಿ ವಿಮಾನವು 3 ಡಿಗ್ರಿಗಳಷ್ಟು ಸಣ್ಣ ಇಳಿಜಾರಿನಲ್ಲಿ ಬರುತ್ತದೆ. ಅಂದರೆ 100 ಮೀಟರು ಮುಂದೆ ಸಾಗುವಾಗ ಸುಮಾರು 5 ಮೀಟರು ಕೆಳಗಿಳಿಯುತ್ತದೆ. ಸಾಧ್ಯವಾದಾಗಲೆಲ್ಲ ಗಾಳಿಗೆ ಎದುರಾಗಿಯೇ ಇಳಿಯುವುದು ವಾಡಿಕೆ, ಏಕೆಂದರೆ ಎದುರುಗಾಳಿಯಲ್ಲಿ ನೆಲದ ಮೇಲಿನ ವೇಗವು ಕಡಿಮೆಯಾಗುತ್ತದೆ. ಚಕ್ರಗಳು ನೆಲವನ್ನು ಮುಟ್ಟಿದೊಡನೆ ರೆಕ್ಕೆಗಳ ಮೇಲಿನ ಫಲಕಗಳು ಎದ್ದು ನಿಂತು, ವಿಮಾನದ ಭಾರವನ್ನು ಚಕ್ರಗಳ ಮೇಲೆ ಒತ್ತುತ್ತವೆ. ಎಂಜಿನುಗಳಿಂದ ಹಿಂದಕ್ಕೆ ಹೊಮ್ಮುತ್ತಿದ್ದ ಗಾಳಿಯನ್ನು ಮುಂದಕ್ಕೆ ತಿರುಗಿಸಲಾಗುತ್ತದೆ. ಚಕ್ರಗಳ ಬ್ರೇಕುಗಳು ಉಳಿದ ಕೆಲಸವನ್ನು ಮಾಡುತ್ತವೆ.

ಇಲ್ಲಿ ಒಂದು ಸರಳವಾದ ಲೆಕ್ಕವನ್ನು ಗಮನಿಸಬೇಕು. ಗಂಟೆಗೆ 250 ಕಿಲೋಮೀಟರು ಎಂದರೆ ಸೆಕೆಂಡಿಗೆ ಸುಮಾರು 70 ಮೀಟರು. ಚಾಲಕನು ನೆಲ ಮುಟ್ಟುವುದು 5 ಸೆಕೆಂಡು ತಡವಾದರೂ ಸುಮಾರು 350 ಮೀಟರು ರನ್‌ವೇ ವ್ಯರ್ಥವಾಗಿ ಹಿಂದೆ ಉಳಿಯುತ್ತದೆ. ಆದುದರಿಂದ ರನ್‌ವೇಯ ಮೊದಲ ಭಾಗದಲ್ಲಿಯೇ ನೆಲವನ್ನು ಮುಟ್ಟಬೇಕೆಂಬುದು ಕಟ್ಟುನಿಟ್ಟಾದ ನಿಯಮ. ವೇಗ, ಎತ್ತರ, ದಿಕ್ಕು ಇವುಗಳಲ್ಲಿ ಯಾವುದೊಂದು ಸರಿಯಿಲ್ಲದಿದ್ದರೂ ಚಾಲಕನು ಇಳಿಯುವ ಯತ್ನವನ್ನು ಕೈಬಿಡಬೇಕು. ಎಂಜಿನುಗಳಿಗೆ ಪೂರ್ಣ ಬಲವನ್ನು ಕೊಟ್ಟು ಮೇಲೇರಿ, ಒಂದು ಸುತ್ತು ಹಾಕಿ, ಮತ್ತೊಮ್ಮೆ ಬರಬೇಕು. ಇದಕ್ಕೆ ವೈಮಾನಿಕರ ಭಾಷೆಯಲ್ಲಿ ‘ಗೋ ಅರೌಂಡ್’ ಎನ್ನುತ್ತಾರೆ. ವ್ಯೂಹವನ್ನು ಹೊಗುತ್ತಿರುವಾಗಲೇ ಹೊರಬರುವ ದಾರಿಯನ್ನು ಮನಸ್ಸಿನಲ್ಲಿ ಸಿದ್ಧವಾಗಿಟ್ಟುಕೊಂಡಿರುವುದೇ ಇದರ ಮರ್ಮ.

ಈಗ ಕೆಲವು ನಿಲ್ದಾಣಗಳನ್ನು ನೋಡೋಣ. ಹಾಂಗ್‌ಕಾಂಗಿನ ಕೈ ಟಾಕ್ ಎಂಬ ಹಳೆಯ ವಿಮಾನ ನಿಲ್ದಾಣವು ವೈಮಾನಿಕರ ಲೋಕದಲ್ಲಿ ಇಂದಿಗೂ ಮಾತಿನ ವಿಷಯವಾಗಿದೆ. ಉತ್ತರಕ್ಕೆ ಬೆಟ್ಟಗಳ ಸಾಲು, ಸುತ್ತಲೂ ಜನನಿಬಿಡವಾದ ಕೌಲೂನ್ ನಗರ, ಮುಂದೆ ಬಂದರು. ನೆಲವೇ ಸಾಲದಾಗಿ ಸಮುದ್ರವನ್ನು ತುಂಬಿ, ಕೊಲ್ಲಿಯೊಳಕ್ಕೆ ಚಾಚಿದ ರನ್‌ವೇಯನ್ನು ಕಟ್ಟಿದರು. ಅದು 1958ರಲ್ಲಿ ಬಳಕೆಗೆ ಬಂದಿತು. ನಗರದ ಕಡೆಯಿಂದ ಬರುವ ವಿಮಾನಗಳಿಗೆ ನೇರವಾದ ದಾರಿಯಿರಲಿಲ್ಲ. ಒಂದು ಗುಡ್ಡದ ಮೈಗೆ ಚದುರಂಗದ ಮಣೆಯಂತೆ ಬಣ್ಣದ ಚೌಕಗಳನ್ನು ಬಳಿದಿದ್ದರು. ಚಾಲಕನು ಆ ಗುಡ್ಡವನ್ನೇ ಗುರಿಯಾಗಿಟ್ಟುಕೊಂಡು ಬಂದು, ಅದು ಎದುರಿಗೆ ಸ್ಪಷ್ಟವಾಗಿ ಕಂಡಾಗ ಬಲಕ್ಕೆ 47 ಡಿಗ್ರಿ ತಿರುಗಬೇಕಾಗಿತ್ತು. ತಿರುವು ಮುಗಿಯುವ ವೇಳೆಗೆ ವಿಮಾನವು ನೆಲದಿಂದ ಕೇವಲ 150 ಅಡಿಗಳಷ್ಟು ಎತ್ತರದಲ್ಲಿರುತ್ತಿತ್ತು. ಕೆಳಗೆ ಬಹುಮಹಡಿ ಕಟ್ಟಡಗಳು, ಬಟ್ಟೆ ಒಣಹಾಕಿದ ಮಾಳಿಗೆಗಳು, ಜನರಿಂದ ತುಂಬಿದ ಬೀದಿಗಳು. ನಾನೂರು ಜನರನ್ನು ಹೊತ್ತ ಬೋಯಿಂಗ್ 747 ವಿಮಾನಗಳು ಕೂಡ ಈ ತಿರುವನ್ನು ದಿನವೂ ಹಾದು ಹೋಗುತ್ತಿದ್ದವು. 1998ರ ಜುಲೈಯಲ್ಲಿ ಈ ನಿಲ್ದಾಣವನ್ನು ಮುಚ್ಚಿ, ಚೆಕ್ ಲಾಪ್ ಕಾಕ್ ದ್ವೀಪದಲ್ಲಿ ವಿಶಾಲವಾದ ಹೊಸ ನಿಲ್ದಾಣವನ್ನು ತೆರೆದರು. ಹಳೆಯ ರನ್‌ವೇಯ ತುದಿಯಲ್ಲಿ ಈಗ ಪ್ರವಾಸಿ ಹಡಗುಗಳ ತಂಗುದಾಣವಿದೆ. ನೋಡಲು ಎಷ್ಟೇ ಸೊಗಸಾಗಿದ್ದರೂ, ಅಪಾಯವು ಕಡಿಮೆಯಿರುವ ಸ್ಥಳ ದೊರೆತೊಡನೆ ವಿವೇಕಿಗಳು ಅಲ್ಲಿಗೆ ಹೋದರೆಂಬುದನ್ನು ಮರೆಯಬಾರದು.

ಆದರೆ ಎಲ್ಲ ಊರುಗಳಿಗೂ ಬೇರೆ ಸ್ಥಳವನ್ನು ಹುಡುಕಿಕೊಳ್ಳುವ ಭಾಗ್ಯವಿರುವುದಿಲ್ಲ. ನೇಪಾಳದ ಲುಕ್ಲಾ ಅಂತಹ ಊರು. 1953ರಲ್ಲಿ ತೇನ್‌ಸಿಂಗ್ ನೋರ್ಗೆಯೊಡನೆ ಎವರೆಸ್ಟ್ ಶಿಖರವನ್ನೇರಿದ ಎಡ್ಮಂಡ್ ಹಿಲರಿಯು ಆ ಪ್ರದೇಶದ ಶೆರ್ಪಾ ಜನರಿಗಾಗಿ ಶಾಲೆ, ಆಸ್ಪತ್ರೆಗಳನ್ನು ಕಟ್ಟಿಸಲು ತೊಡಗಿದನು. ಸಾಮಗ್ರಿಗಳನ್ನು ಬೆನ್ನ ಮೇಲೆ ಹೊತ್ತು ಅನೇಕ ದಿನಗಳ ಹಾದಿಯನ್ನು ನಡೆಯಬೇಕಾಗಿತ್ತು. ಆದುದರಿಂದ 1964ರಲ್ಲಿ ಅಲ್ಲಿ ಒಂದು ಚಿಕ್ಕ ವಿಮಾನದಾರಿ ಸಿದ್ಧವಾಯಿತು. ಮಣ್ಣನ್ನು ಗಟ್ಟಿಮಾಡಲು ಯಂತ್ರಗಳಿಲ್ಲದ ಕಾರಣ, ಶೆರ್ಪಾ ಜನರು ಕೈ ಕೈ ಹಿಡಿದು ಕುಣಿದು ನೆಲವನ್ನು ತುಳಿದರಂತೆ. ಆ ಮಣ್ಣಿನ ದಾರಿಗೆ 2001ರಲ್ಲಿ ಡಾಂಬರು ಬಿದ್ದಿತು. 2008ರಲ್ಲಿ ನಿಲ್ದಾಣಕ್ಕೆ ತೇನ್‌ಸಿಂಗ್ ಮತ್ತು ಹಿಲರಿಯರ ಹೆಸರನ್ನಿಟ್ಟರು.

ಲುಕ್ಲಾದ ರನ್‌ವೇಯ ಉದ್ದ 527 ಮೀಟರು ಮಾತ್ರ. ಸಮುದ್ರಮಟ್ಟದಿಂದ 2,800 ಮೀಟರಿಗೂ ಹೆಚ್ಚು ಎತ್ತರದಲ್ಲಿ ಗಾಳಿಯು ತೆಳುವಾಗಿರುವುದರಿಂದ ವಿಮಾನವು ಹೆಚ್ಚಿನ ವೇಗದಲ್ಲಿ ಇಳಿಯಬೇಕಾಗುತ್ತದೆ. ಹಾಗಾದರೆ ಇಷ್ಟು ಕಿರಿದಾದ ಹಾದಿಯಲ್ಲಿ ಅದು ನಿಲ್ಲುವುದು ಹೇಗೆ? ಬೆಟ್ಟದ ಇಳಿಜಾರೇ ಇಲ್ಲಿ ಬ್ರೇಕಿನ ಕೆಲಸವನ್ನು ಮಾಡುತ್ತದೆ. ರನ್‌ವೇಯ ಒಂದು ತುದಿಯಲ್ಲಿ ಆಳವಾದ ಕಣಿವೆ, ಇನ್ನೊಂದು ತುದಿಯಲ್ಲಿ ಬೆಟ್ಟದ ಗೋಡೆ. ನಡುವೆ ನೂರಕ್ಕೆ ಸುಮಾರು 12ರಷ್ಟು ಏರು. ವಿಮಾನಗಳು ಏರಿನ ಕಡೆಗೆ ಇಳಿದು, ಇಳಿಜಾರಿನ ಕಡೆಗೆ ಓಡಿ ಮೇಲೇರುತ್ತವೆ. ಮಧ್ಯಾಹ್ನದ ಮೇಲೆ ಗಾಳಿಯೂ ಮೋಡವೂ ಕವಿಯುವುದರಿಂದ ಹೆಚ್ಚಿನ ಹಾರಾಟಗಳು ಬೆಳಗಿನ ವೇಳೆಯಲ್ಲಿಯೇ ನಡೆಯುತ್ತವೆ. ಕೊನೆಯ ಘಟ್ಟವನ್ನು ತಲಪಿದ ಮೇಲೆ ಇಲ್ಲಿ ಗೋ ಅರೌಂಡಿಗೆ ಅವಕಾಶವಿಲ್ಲ, ಏಕೆಂದರೆ ಎದುರಿಗೆ ಬೆಟ್ಟವಿದೆ. ಆದುದರಿಂದ ಹಿಂದಿರುಗುವ ನಿರ್ಧಾರವನ್ನು ಕಣಿವೆಯ ಮೇಲಿರುವಾಗಲೇ ಕೈಗೊಳ್ಳಬೇಕು. 2008ರ ಅಕ್ಟೋಬರ್ 8ರಂದು ಮಂಜಿನಲ್ಲಿ ಇಳಿಯಲು ಬಂದ ವಿಮಾನವೊಂದು ಅಪಘಾತಕ್ಕೀಡಾಗಿ, ಅದರಲ್ಲಿದ್ದ 19 ಜನರಲ್ಲಿ 18 ಜನರು ಮಡಿದರು. ಕಾಠ್ಮಂಡುವಿನಲ್ಲಿ ದಿನಗಟ್ಟಲೆ ಕಾಯುವ ಪ್ರವಾಸಿಗಳು ವಿಮಾನ ಹೊರಡಲಿಲ್ಲವೆಂದು ಗೊಣಗುವುದುಂಟು. ಆ ಕಾಯುವಿಕೆಯು ಅವರ ಪ್ರಾಣದ ಕಾವಲೆಂದು ಬಲ್ಲವರು ಬಲ್ಲರು.

ಬೆಟ್ಟದಿಂದ ಕಡಲಿಗೆ ಬರೋಣ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಬಾರ್ರಾ ಎಂಬ ಪುಟ್ಟ ದ್ವೀಪವಿದೆ. ಅಲ್ಲಿಯ ನಿಲ್ದಾಣಕ್ಕೆ ಡಾಂಬರಿನ ರನ್‌ವೇಯೇ ಇಲ್ಲ. ಸಮುದ್ರತೀರದ ವಿಶಾಲವಾದ ಮರಳೇ ರನ್‌ವೇ. ಗಾಳಿಯು ಯಾವ ದಿಕ್ಕಿನಿಂದ ಬೀಸಿದರೂ ಅನುಕೂಲವಾಗುವಂತೆ ತ್ರಿಕೋನಾಕಾರವಾಗಿ ಮೂರು ಹಾದಿಗಳನ್ನು ಗುರುತಿಸಿ, ಅವುಗಳ ತುದಿಗಳಲ್ಲಿ ಮರದ ಕಂಬಗಳನ್ನು ನೆಟ್ಟಿದ್ದಾರೆ. ಭರತದ ವೇಳೆಯಲ್ಲಿ ಮೂರು ಹಾದಿಗಳೂ ನೀರಿನಲ್ಲಿ ಮುಳುಗುತ್ತವೆ. ಇಳಿತದಲ್ಲಿ ಮರಳು ಮತ್ತೆ ತೆರೆದುಕೊಂಡಾಗ ಚಿಕ್ಕ ವಿಮಾನವು ನೀರನ್ನು ಚಿಮ್ಮಿಸುತ್ತ ಬಂದು ಇಳಿಯುತ್ತದೆ. ಆದುದರಿಂದ ಇಲ್ಲಿಯ ವಿಮಾನಗಳ ವೇಳಾಪಟ್ಟಿಯನ್ನು ಸಮುದ್ರದ ಉಬ್ಬರವಿಳಿತವನ್ನು ನೋಡಿ ಗೊತ್ತುಮಾಡುತ್ತಾರೆ. ಉಳಿದ ಹೊತ್ತಿನಲ್ಲಿ ಅದೇ ಮರಳಿನ ಮೇಲೆ ಊರಿನವರು ಚಿಪ್ಪಿಗಳನ್ನು ಆರಿಸುತ್ತಾರೆ. ಪ್ರಕೃತಿಯ ಗಡಿಯಾರಕ್ಕೆ ಮನುಷ್ಯನು ತನ್ನ ಗಡಿಯಾರವನ್ನು ಹೊಂದಿಸಿಕೊಂಡ ಸುಂದರ ನಿದರ್ಶನವಿದು.

ಇನ್ನೊಂದು ಕಡಲತೀರದಲ್ಲಿ ಪರಿಸ್ಥಿತಿ ಬೇರೆ. ಕೆರಿಬಿಯನ್ ಸಮುದ್ರದ ಸಿಂಟ್ ಮಾರ್ಟೆನ್‌ನಲ್ಲಿ ರನ್‌ವೇಯು ಮಾಹೋ ಎಂಬ ಮರಳದಂಡೆಯ ಪಕ್ಕದಲ್ಲಿಯೇ ಆರಂಭವಾಗುತ್ತದೆ. ಸುಮಾರು 2,300 ಮೀಟರುಗಳ ಹಾದಿಯನ್ನು ಪೂರ್ಣವಾಗಿ ಬಳಸಿಕೊಳ್ಳಬೇಕಾದುದರಿಂದ ವಿಮಾನಗಳು ಸ್ನಾನ ಮಾಡುತ್ತಿರುವವರ ತಲೆಯ ಮೇಲೆಯೇ ಬಹಳ ಕೆಳಗೆ ಹಾದು ಬರುತ್ತವೆ. ಇದನ್ನು ನೋಡಲೆಂದೇ ಜನರು ದೇಶ ದೇಶಗಳಿಂದ ಬರುತ್ತಾರೆ. ಕೆಲವರು ಬೇಲಿಯನ್ನು ಹಿಡಿದುಕೊಂಡು, ಹೊರಡುವ ವಿಮಾನದ ಎಂಜಿನಿನ ಗಾಳಿಗೆ ಮೈಯೊಡ್ಡುವ ಹುಚ್ಚಾಟಕ್ಕೂ ಇಳಿಯುತ್ತಾರೆ. ಎಚ್ಚರಿಕೆಯ ಫಲಕಗಳಿದ್ದರೂ 2017ರ ಜುಲೈಯಲ್ಲಿ ಆ ಗಾಳಿಯ ಹೊಡೆತಕ್ಕೆ ಸಿಕ್ಕಿ ಒಬ್ಬ ಪ್ರವಾಸಿ ಮಹಿಳೆ ಮೃತಪಟ್ಟಳು. ಚಾಲಕನು ನಿಯಮವನ್ನು ಪಾಲಿಸಿ ವಿಮಾನವನ್ನು ನಡೆಸುತ್ತಿದ್ದರೂ, ನೋಡುವವನ ಅವಿವೇಕವು ಅಪಾಯವನ್ನು ತರಬಲ್ಲದು.

ಇಷ್ಟು ದೂರ ಸಂಚರಿಸಿದ ನಾವು ನಮ್ಮ ನಾಡಿಗೆ ಮರಳಬೇಕು. ಮಂಗಳೂರಿನ ಬಜಪೆಯ ನಿಲ್ದಾಣದಲ್ಲಿ ಮೊದಲ ವಿಮಾನದಾರಿಯು 1951ರಲ್ಲಿ ಆರಂಭವಾಯಿತು. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ ನಿಲ್ದಾಣವಿದು. ಹೀಗೆ ಮೇಜಿನ ಹಲಗೆಯಂತೆ ಎತ್ತರದಲ್ಲಿದ್ದು, ಅಂಚಿನಾಚೆ ಕಣಿವೆಯಿರುವ ರನ್‌ವೇಯನ್ನು ಟೇಬಲ್‌ಟಾಪ್ ಎಂದು ಕರೆಯುತ್ತಾರೆ. ಹಸಿರು ಗುಡ್ಡಗಳು, ತೆಂಗಿನ ತೋಟಗಳು, ನದಿಗಳು, ದೂರದಲ್ಲಿ ಹೊಳೆಯುವ ಅರಬ್ಬೀ ಸಮುದ್ರ: ಇಲ್ಲಿ ಇಳಿಯುವ ಪ್ರಯಾಣಿಕನ ಕಣ್ಣಿಗೆ ಕಾಣುವ ನೋಟವು ಅತಿ ಮನೋಹರವಾದುದು. ದೊಡ್ಡ ವಿಮಾನಗಳಿಗಾಗಿ 2,450 ಮೀಟರುಗಳ ಎರಡನೆಯ ರನ್‌ವೇಯನ್ನು 2006ರಲ್ಲಿ ಬಳಕೆಗೆ ತಂದರು.

2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ವಿಮಾನವೊಂದು ಆ ರನ್‌ವೇಯನ್ನು ದಾಟಿ ಕಣಿವೆಗೆ ಉರುಳಿತು. ಅದರಲ್ಲಿದ್ದ 166 ಜನರಲ್ಲಿ ಬದುಕುಳಿದವರು 8 ಜನರು ಮಾತ್ರ. ದೂರದ ದೇಶದಲ್ಲಿ ದುಡಿದು, ಮನೆಯವರನ್ನು ಕಾಣಲು ಹೊರಟುಬಂದವರು ಮನೆಯ ಹೊಸ್ತಿಲ ಬಳಿಯಲ್ಲಿಯೇ ಅಸುನೀಗಿದರು. ಅಂದು ಬಿರುಗಾಳಿಯಿರಲಿಲ್ಲ, ದಟ್ಟವಾದ ಮಂಜೂ ಇರಲಿಲ್ಲ. ವಿಮಾನವು ಇರಬೇಕಾದುದಕ್ಕಿಂತ ಹೆಚ್ಚು ಎತ್ತರದಲ್ಲಿ ಬಂದು, ಅವಸರದಿಂದ ಕೆಳಗಿಳಿದು, ರನ್‌ವೇಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ದಾಟಿದ ಮೇಲೆ ನೆಲವನ್ನು ಮುಟ್ಟಿತೆಂದು ವಿಚಾರಣೆಯಲ್ಲಿ ತಿಳಿದುಬಂದಿತು. ಇಳಿಯುವ ಯತ್ನವನ್ನು ಕೈಬಿಡುವಂತೆ ಸಹಚಾಲಕರು ಮೂರು ಬಾರಿ ಹೇಳಿದ್ದರು. ಮುಖ್ಯ ಚಾಲಕರು ಹಲವು ವರ್ಷಗಳ ಅನುಭವವುಳ್ಳವರು. ಆದರೂ ಆ ಮಾತಿಗೆ ಬೆಲೆ ದೊರೆಯಲಿಲ್ಲ. ವಿಮಾನವು ನೆಲ ಮುಟ್ಟಿದ ಮೇಲೆ ಮತ್ತೆ ಮೇಲೇರುವ ಯತ್ನ ನಡೆಯಿತು. ಅಷ್ಟರಲ್ಲಿ ಕಾಲ ಮೀರಿತ್ತು. 2020ರ ಆಗಸ್ಟ್ 7ರಂದು ನೆರೆಯ ಕೇರಳದ ಕೋಳಿಕ್ಕೋಡಿನ ಟೇಬಲ್‌ಟಾಪ್ ರನ್‌ವೇಯಲ್ಲಿ, ಸುರಿಯುವ ಮಳೆಯಲ್ಲಿ ಇದೇ ಬಗೆಯ ದುರಂತವು ಮರುಕಳಿಸಿ, ಇಬ್ಬರು ಚಾಲಕರೂ ಸೇರಿ 21 ಜನರು ಮಡಿದರು.

ಹಾಗೆಂದು ವಿಮಾನಯಾನಕ್ಕೆ ಅಂಜಬೇಕಾಗಿಲ್ಲ. ಬಜಪೆಯಲ್ಲಿ ಪ್ರತಿದಿನವೂ ವಿಮಾನಗಳು ಸುರಕ್ಷಿತವಾಗಿ ಇಳಿಯುತ್ತಿವೆ. ಪ್ರತಿಯೊಂದು ದುರಂತದಿಂದಲೂ ವಿಮಾನಲೋಕವು ಪಾಠವನ್ನು ಕಲಿತಿದೆ. ಗೋ ಅರೌಂಡ್ ಮಾಡಿದ ಚಾಲಕನನ್ನು ಅನೇಕ ವಿಮಾನ ಸಂಸ್ಥೆಗಳು ಇಂದು ತಪ್ಪಿತಸ್ಥನೆಂದು ಕಾಣುವುದಿಲ್ಲ. ಸ್ವಲ್ಪ ಇಂಧನ ಖರ್ಚಾದೀತು, ಹತ್ತು ನಿಮಿಷ ತಡವಾದೀತು, ಪ್ರಯಾಣಿಕರು ಬೇಸರಪಟ್ಟಾರು. ಆ ನಷ್ಟವನ್ನು ತುಂಬಿಕೊಳ್ಳಬಹುದು. ಹೋದ ಪ್ರಾಣವನ್ನು ಮರಳಿ ಪಡೆಯಲಾಗದು. ಹಾಗೆಯೇ, ಕಿರಿಯ ಚಾಲಕನು ಹಿರಿಯನ ತಪ್ಪನ್ನು ಸಂಕೋಚವಿಲ್ಲದೆ ತೋರಿಸಬೇಕು ಮತ್ತು ಹಿರಿಯನು ಅದನ್ನು ಆಲಿಸಬೇಕೆಂಬುದನ್ನು ಇಂದು ಚಾಲಕರ ಶಿಕ್ಷಣದಲ್ಲಿ ವಿಶೇಷವಾಗಿ ಕಲಿಸುತ್ತಾರೆ.

ವಿಮಾನವು ಮೋಡಗಳಿಂದ ಇಳಿದು ಬರುವುದನ್ನು ಮುಂದೆ ಎಂದಾದರೂ ಕಂಡಾಗ ಆ ನೋಟದ ಸೊಗಸನ್ನು ಮನಸಾರೆ ಸವಿಯಬೇಕು. ಅದರೊಡನೆ, ಆ ಕ್ಷಣದಲ್ಲಿ ಚಾಲಕರಿಬ್ಬರು ವೇಗವನ್ನೂ ಎತ್ತರವನ್ನೂ ಗಾಳಿಯನ್ನೂ ಅಳೆಯುತ್ತ, ಇಳಿಯಬೇಕೇ ಬೇಡವೇ ಎಂದು ಮತ್ತೆ ಮತ್ತೆ ತಮ್ಮನ್ನು ಕೇಳಿಕೊಳ್ಳುತ್ತಿರುವರೆಂಬುದನ್ನೂ ನೆನೆಯಬೇಕು. ಒಂದು ವೇಳೆ ಆ ವಿಮಾನವು ರನ್‌ವೇಯ ಸಮೀಪಕ್ಕೆ ಬಂದು, ನೆಲವನ್ನು ಮುಟ್ಟದೆ ಗರ್ಜಿಸುತ್ತ ಮೇಲೇರಿ ಹೋದರೆ, ಚಾಲಕನು ಸೋತನೆಂದು ತಿಳಿಯಬಾರದು. ಹೊರಬರುವ ದಾರಿಯನ್ನು ಬಲ್ಲವನೊಬ್ಬನು ಅದನ್ನು ಸಕಾಲದಲ್ಲಿ ಬಳಸಿಕೊಂಡನೆಂದು ತಿಳಿಯಬೇಕು.