ನಿಮಗಿದು ಗೊತ್ತೇ?: ಮಯೋನೀಸ್ ಯಾಕೆ, ಶೇಂಗಾ ಹಿಂಡಿ ಇರುವಾಗ!

ಕರ್ನಾಟಕದ ಸರ್ಕಾರಿ ಶಾಲೆಗಳ ಬಿಸಿಯೂಟಕ್ಕೆ ಬೇಯಿಸಿದ ತತ್ತಿ ಮೊದಲು ಬಂದದ್ದು ಬೆಂಗಳೂರಿನಲ್ಲಲ್ಲ. 2021ರ ಡಿಸೆಂಬರಿನಲ್ಲಿ ರಾಯಚೂರೂ ಸೇರಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಮಕ್ಕಳ ತಟ್ಟೆಗೆ. ಬೇಡವೆಂದವರಿಗೆ ಬಾಳೆಹಣ್ಣು. ಅದಕ್ಕೂ ಹಿಂದೆ, 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಶುರುವಾದಾಗಲೂ ಮೊದಲ ಏಳು ಜಿಲ್ಲೆಗಳಲ್ಲಿ ರಾಯಚೂರು ಇತ್ತು. ಹಿಂದುಳಿದ ಜಿಲ್ಲೆ ಎಂಬ ಕಾರಣಕ್ಕೆ ಸಿಕ್ಕ ಮೊದಲ ಸಾಲು ಅದು, ಆದರೆ ಮಕ್ಕಳ ಹೊಟ್ಟೆಗೆ ಬಿದ್ದದ್ದು ಒಳ್ಳೆಯದೇ.

2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ ಮೇಲೆ ವಾರಕ್ಕೆ ಆರು ದಿನ ತತ್ತಿ ಕೊಡುವ ಯೋಜನೆ ಬಂತು. ಅಂದರೆ ದೇವದುರ್ಗ, ಮಾನ್ವಿಯ ಶಾಲೆಯ ಮಗುವಿಗೆ ಆರು ದಿನ ಸರ್ಕಾರದ ಪಾಳಿ, ಭಾನುವಾರ ಮಾತ್ರ ಮನೆಯ ಪಾಳಿ. ಆ ಒಂದು ದಿನವೂ ಅದೇ ಸಪ್ಪೆ ತತ್ತಿ ಯಾಕೆ? ಪಟ್ಟಣದ ಹೋಟೆಲುಗಳಲ್ಲಿ ‘ಡೆವಿಲ್ಡ್ ಎಗ್’ ಎಂದು ಕೊಡುವುದನ್ನೇ ಅರ್ಧ ತಾಸಿನಲ್ಲಿ ಮನೆಯಲ್ಲಿ ಮಾಡಬಹುದು. ತತ್ತಿ ಬೇಯಿಸಿ, ಹೋಳು ಮಾಡಿ, ಹಳದಿ ತೆಗೆದು, ಖಾರ ಕಲಸಿ, ಮತ್ತೆ ತುಂಬುವುದು. ಅಷ್ಟೇ ಕೆಲಸ.

ಇದು ಅಮೆರಿಕದವರ ತಿಂಡಿ ಎಂದುಕೊಂಡಿದ್ದೀರಾ? 13ನೇ ಶತಮಾನದ ಆಂಡಲೂಸಿಯದ, ಅಂದರೆ ಈಗಿನ ದಕ್ಷಿಣ ಸ್ಪೇನಿನ, ಒಂದು ಅಡುಗೆ ಪುಸ್ತಕದಲ್ಲಿ ಇದರ ವಿಧಾನ ಆಗಲೇ ಇದೆ. ಬೇಯಿಸಿದ ಹಳದಿಗೆ ಕೊತ್ತಂಬರಿ, ಉಳ್ಳಾಗಡ್ಡಿ ರಸ, ಕಾಳುಮೆಣಸು ಹಾಕಿ ಅರೆದು ತುಂಬುತ್ತಿದ್ದರು. ಈಗ ಹಳದಿಗೆ ಕಲಸುವ ಮಯೋನೀಸಿನ ಸುಳಿವೂ ಅಲ್ಲಿಲ್ಲ. ನೋಡಿದರೆ ನಮ್ಮ ಕಡೆಯ ಅಡುಗೆಮನೆಗೇ ಹತ್ತಿರದ ರುಚಿ!

ಮಯೋನೀಸ್ ಎಂದರೆ ಬಹುಪಾಲು ಎಣ್ಣೆ. ತತ್ತಿ ಹಾಕಿ ಮಾಡುವ ಮಾಮೂಲಿ ಮಯೋನೀಸಿನ ಒಂದು ದೊಡ್ಡ ಚಮಚಕ್ಕೆ ಸುಮಾರು 90 ಕ್ಯಾಲೊರಿ. ಇಡೀ ಒಂದು ತತ್ತಿಗೇ ಇರುವುದು 75ರ ಆಸುಪಾಸು! ಹಸಿ ತತ್ತಿಯಿಂದ ಮಾಡಿದ ಮಯೋನೀಸನ್ನು ಪಕ್ಕದ ತೆಲಂಗಾಣ ಸರ್ಕಾರ 2024ರ ಅಕ್ಟೋಬರ್ ಕೊನೆಯಲ್ಲಿ ಒಂದು ವರ್ಷದ ಮಟ್ಟಿಗೆ ನಿಷೇಧಿಸಿತು. ಅದನ್ನು ತಿಂದವರು ವಿಷಾಹಾರದಿಂದ ನರಳಿದ್ದೇ ಕಾರಣ. ಬಿಸಿಲಿಗೆ ಹೆಸರಾದ ನಮ್ಮ ಊರುಗಳಲ್ಲಿ ಆ ಎಚ್ಚರ ಇನ್ನೂ ಹೆಚ್ಚು ಬೇಕು.

ಹಾಗಾದರೆ ಅದರ ಬದಲಿಗೆ ಏನು? ತೆಳುಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು. ನಾಲ್ಕು ತತ್ತಿಯ ಹಳದಿಗೆ ಎರಡು ಚಮಚ ಮೊಸರು, ಒಂದು ಚಮಚ ಶೇಂಗಾ ಹಿಂಡಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ, ನಾಲ್ಕು ಹನಿ ಲಿಂಬೆರಸ. ಹಿಂಡಿಯಲ್ಲಿ ಉಪ್ಪು ಖಾರ ಎರಡೂ ಇರುತ್ತವೆ, ಆದ್ದರಿಂದ ಮೊದಲು ರುಚಿ ನೋಡಿ, ಆಮೇಲೆ ಉಪ್ಪು. ಚಮಚದ ಹಿಂಬದಿಯಿಂದ ಗಂಟಿಲ್ಲದಂತೆ ಒತ್ತಿ ಕಲಸಬೇಕು. ಉಳ್ಳಾಗಡ್ಡಿಯನ್ನು ಕೊನೆಗೆ ಹಾಕಬೇಕು, ಮೊದಲೇ ಹಾಕಿದರೆ ನೀರು ಬಿಡುತ್ತದೆ. ಶೇಂಗಾ ಬದಲು ಗುರೆಳ್ಳು ಹಿಂಡಿ ಹಾಕಿದರೆ ಘಮವೇ ಬೇರೆ. ಅಗಸಿ ಹಿಂಡಿ ಹಾಕಿದರೆ ಒಮೆಗಾ-3 ಕೊಬ್ಬು ಪುಕ್ಕಟೆ. ನನ್ನ ಮತ ಗುರೆಳ್ಳಿಗೆ.

ತುಂಬುವುದಕ್ಕೆ ಪೈಪಿಂಗ್ ಬ್ಯಾಗ್ ಬೇಕಿಲ್ಲ. ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಒತ್ತಿದರೆ ಸಾಕು. ಹೋಳು ಮಾಡಲು ಚಾಕುವಿಗಿಂತ ಶುಚಿಯಾದ ಹೊಲಿಗೆ ದಾರ ವಾಸಿ, ಹಳದಿ ಅಂಟುವುದಿಲ್ಲ.

ಹಳದಿಯ ಸುತ್ತ ಹಸಿರು ಬೂದು ಬಳೆ ಕಂಡರೆ ತತ್ತಿ ಕೆಟ್ಟಿದೆ ಎಂದಲ್ಲ, ಅತಿಯಾಗಿ ಬೆಂದಿದೆ ಎಂದರ್ಥ. ಬಿಳಿಯಲ್ಲಿನ ಗಂಧಕ ಹಳದಿಯ ಕಬ್ಬಿಣದೊಡನೆ ಸೇರಿ ಆ ಬಣ್ಣ ಬರುತ್ತದೆ. ತಣ್ಣೀರಿನಲ್ಲಿ ತತ್ತಿ ಇಟ್ಟು, ನೀರು ಕುದಿಯಲು ಶುರುವಾದೊಡನೆ ಒಲೆ ಆರಿಸಿ, ಮುಚ್ಚಳ ಮುಚ್ಚಿ 12 ನಿಮಿಷ ಬಿಡಿ. ಆಮೇಲೆ ತಣ್ಣೀರಿಗೆ ಹಾಕಿ. ಗ್ಯಾಸೂ ಉಳಿಯಿತು.

ತಾಜಾ ತತ್ತಿಯ ಸಿಪ್ಪೆ ಸುಲಿಯುವುದೇ ಕಷ್ಟ! ಇಟ್ಟಂತೆಲ್ಲ ಸಿಪ್ಪೆಯ ಸಣ್ಣ ರಂಧ್ರಗಳಿಂದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಬಿಳಿ ಭಾಗ ಹೆಚ್ಚು ಕ್ಷಾರವಾಗುತ್ತದೆ, ಒಳಪೊರೆ ಸಡಿಲಾಗುತ್ತದೆ. ವಾರ ಕಳೆದ ತತ್ತಿಯೇ ಈ ತಿಂಡಿಗೆ ಸರಿ. ನೀರಿನಲ್ಲಿ ಬಿಟ್ಟಾಗ ಮಲಗಿದರೆ ತಾಜಾ, ನೆಟ್ಟಗೆ ನಿಂತರೆ ಹಳತು, ತೇಲಿದರೆ ಬಿಸಾಡಿ.

ಹಳದಿ ಒಂದೇ ಬದಿಗೆ ಸರಿದು ಹೋಳು ಹರಿಯುತ್ತದೆಯೇ? ಹಿಂದಿನ ರಾತ್ರಿ ಚೂಪು ತುದಿ ಕೆಳಗಾಗಿ ಇಡಿ, ಗಾಳಿ ಕೋಣೆ ಇರುವ ಅಗಲ ತುದಿ ಮೇಲಿರಲಿ.

ಕಂದು ತತ್ತಿ ಪೌಷ್ಟಿಕ, ಬಿಳಿಯದು ಅಲ್ಲ ಎಂಬ ಮಾತು ಸಂತೆಯಲ್ಲಿ ಕೇಳುತ್ತೇವೆ. ಸಿಪ್ಪೆಯ ಬಣ್ಣ ಕೋಳಿಯ ತಳಿಯಿಂದ ಬರುವುದು. ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ ಕೋಳಿ ಕಂದು ತತ್ತಿ ಇಡುತ್ತದೆ, ಫಾರಂನ ಲೆಗ್‌ಹಾರ್ನ್ ಬಿಳಿಯದನ್ನು. ಹಳದಿ ಎಷ್ಟು ಗಾಢ ಎಂಬುದು ತಿಂದ ಮೇವಿನ ಮಾತು.

ಒಂದು ತತ್ತಿಯಲ್ಲಿ 6 ಗ್ರಾಂ ಪ್ರೋಟೀನ್, ಮಿದುಳಿಗೆ ಬೇಕಾದ ಕೋಲೀನ್, ಎ ಮತ್ತು ಡಿ ವಿಟಮಿನ್. ಕಬ್ಬಿಣವೂ ಉಂಟು, ಆದರೆ ತತ್ತಿಯ ಕಬ್ಬಿಣ ದೇಹಕ್ಕೆ ಸುಲಭವಾಗಿ ಇಳಿಯದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ರಾಜ್ಯದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ರಕ್ತಹೀನರು. ತತ್ತಿಯೊಂದನ್ನೇ ನಂಬಿ ಕುಳಿತರೆ ಇದು ನೀಗದು; ಸೊಪ್ಪು, ಕಾಳು ಜೊತೆಗಿರಲೇಬೇಕು. ಲಿಂಬೆರಸ ಹಾಕಿ ಎಂದು ಒತ್ತಿ ಹೇಳುವುದೂ ಅದಕ್ಕೇ: ಸಿ ವಿಟಮಿನ್ ಕಬ್ಬಿಣ ಹೀರಲು ನೆರವಾಗುತ್ತದೆ.

ಕೊಲೆಸ್ಟರಾಲ್ ಪೂರ್ತಿ ಇರುವುದು ಹಳದಿಯಲ್ಲಿ, ಒಂದಕ್ಕೆ ಸುಮಾರು 185 ಮಿಲಿಗ್ರಾಂ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಲೆಕ್ಕ ಹಾಕಿಕೊಳ್ಳಲಿ. ಅವರ ಪಾಲಿಗೆ ಅರ್ಧ ಹಳದಿ ತೆಗೆದು, ಬೇಯಿಸಿ ಮಿದ್ದ ಕಡಲೆಕಾಳು ಸೇರಿಸಿದರೆ ಹೂರಣ ಕಡಿಮೆ ಬೀಳುವುದಿಲ್ಲ, ರುಚಿಯೂ ಕೆಡುವುದಿಲ್ಲ.

ಬೇಯಿಸಿದ ತತ್ತಿ ಹೊರಗೆ ಎರಡು ತಾಸು ಇರಬಹುದು ಎನ್ನುತ್ತಾರೆ. ಸೆಕೆ 32 ಡಿಗ್ರಿ ದಾಟಿದರೆ ಒಂದೇ ತಾಸು. ರಾಯಚೂರಿನ ಏಪ್ರಿಲ್, ಮೇ ತಿಂಗಳಿಗೆ ಎರಡನೆಯ ಲೆಕ್ಕವೇ ಸರಿ. ಮೊಸರು ಕಲಸಿದ ಮೇಲಂತೂ ತಡ ಮಾಡಬೇಡಿ. ನೆಂಟರು ಬರುವುದು ಸಂಜೆಗಾದರೆ, ತತ್ತಿಯನ್ನು ಸಿಪ್ಪೆ ಸಮೇತ ಬೇಯಿಸಿ ಫ್ರಿಜ್ಜಿನಲ್ಲಿಡಿ, ಹೂರಣವನ್ನು ಬೇರೆ ಡಬ್ಬಿಯಲ್ಲಿಟ್ಟು ಅವರು ಕೈಕಾಲು ತೊಳೆಯುವ ಹೊತ್ತಿಗೆ ತುಂಬಿ. ಹೂರಣ ಮಿಕ್ಕರೆ ಬಿಸಿ ಜೋಳದ ರೊಟ್ಟಿಗೆ ಸವರಿ ಸುರುಳಿ ಸುತ್ತಿ ಮಕ್ಕಳ ಕೈಗೆ ಕೊಡಿ.