ಅಜ್ಜಿ ತೂಕ ಇಳಿಸಿದ್ರು, ಆದ್ರೆ ಇಳಿದಿದ್ದು ಏನು?

ಕಾರವಾರದ ಟ್ಯಾಗೋರ್ ಬೀಚ್‌ನಲ್ಲಿ ಬೆಳಿಗ್ಗೆ ವಾಕಿಂಗ್ ಮಾಡುವ ಹಿರಿಯರನ್ನು ನಾವು ನೋಡ್ತಾನೇ ಇರ್ತೇವೆ. ಅಂಕೋಲೆಯ ನಮ್ಮ ಅಜ್ಜಿಯೂ ತೂಕ ಇಳಿಸ್ಬೇಕು ಅಂತ ಮೀನು ಬಿಟ್ಟು ಬರೀ ಗಂಜಿ ಹಿಡಿದ್ರು. ತೂಕ ಇಳೀತು, ಆದ್ರೆ ನೆಲದಿಂದ ಏಳೋಕೆ ಕೈ ಊರಬೇಕಾಯ್ತು.

ವಯಸ್ಸಾದ ಮೇಲೆ ಊಟ ಕಡಿಮೆ ಮಾಡಿದ್ರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಅದಕ್ಕೇ ಹಿರಿಯರಿಗೆ ದಿನಕ್ಕೆ, ದೇಹತೂಕದ ಕಿಲೋಗೆ ಸುಮಾರು 1 ಗ್ರಾಂ ಪ್ರೋಟೀನ್ ಬೇಕು (ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ). 100 ಗ್ರಾಂ ಬಂಗಡೆಯಲ್ಲಿ ಹತ್ತಿರ ಹತ್ತಿರ 20 ಗ್ರಾಂ ಇದೆ. ಕರಿದದ್ದಲ್ಲ, ಸಾರು ಮಾಡಿದ್ದು! ಜೂನ್-ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ; ಒಣಮೀನಲ್ಲಿ ಉಪ್ಪು ಜಾಸ್ತಿ, ಬಿಪಿಗೆ ಆಗಲ್ಲ. ಆಗ ಮೊಟ್ಟೆ, ಹೆಸರುಕಾಳು.

ಸ್ನಾಯುಗೆ ವಾಕಿಂಗ್ ಒಂದೇ ಸಾಲದು, ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದನ್ನೂ ಮಾಡಬೇಕು. ಅಜ್ಜಿ ಈಗ ಧಾರಾವಾಹಿ ಜಾಹೀರಾತು ಬಂದಾಗಲೆಲ್ಲ ಹತ್ತು ಸಲ ಮಾಡ್ತಾರೆ.